ಹನ್ನೊಂದು ಮಂದಿಯ ‘ಬರ್ತೇವ್ರಿ’

ಈ ಸಲದ ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಸೊಸೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲೆ ಎಳ್ಳು ಹುರಿದ ವಾಸನೆ ಪಡಸಾಲೆಗೆ ಬಂದಾಗ ನನಗೆ ಹೊಲ ನೆನಪಾಗಲಿಲ್ಲ. ಮುದ್ದೇಬಿಹಾಳದ ಕಾಲೇಜಿನ ಮೈದಾನ ನೆನಪಾಯಿತು, ಅಲ್ಲಿ ಒಬ್ಬರೇ ನಿಂತಿದ್ದ ನಮ್ಮ ಆಟದ ಸರ್ ನೆನಪಾದರು. ಅವರು ತೀರಿಕೊಂಡು ಆಗ ಹದಿನೈದು ದಿನವಾಗಿತ್ತು.

ಅರವತ್ತು ವರ್ಷದ ಹಿಂದಿನ ಮಾತು. ಸರ್ ಕಾರವಾರದ ಕಡೆಯವರು, ನಮಗಿಂತ ಆರೇಳು ವರ್ಷಕ್ಕೆ ದೊಡ್ಡವರು, ಹಂಗಾಮಿ ನೌಕರಿ. ನಮ್ಮ ಕಾಲಿಗೆ ಫುಟ್‌ಬಾಲ್ ಕಲಿಸಿದವರೇ ಅವರು. ಕಪ್ಪು ಎರಿ ಮಣ್ಣಿನ ಮೈದಾನ, ಮಳೆ ಬಿದ್ದರೆ ಚೆಂಡಿಗೆ ಮಣ್ಣು ಮೆತ್ತಿ ಕಲ್ಲಿನಷ್ಟು ಭಾರ... ಹನ್ನೊಂದು ಮಂದಿಗೆ ನಾಲ್ಕು ಜೊತೆ ಬೂಟು. ಆದರೂ ಆ ವರ್ಷ ಇಂಡಿಯವರನ್ನು ಸೋಲಿಸಿದೆವು, ಬಾಗೇವಾಡಿಯವರೊಂದಿಗೆ ಸರಿಸಮ ಆಡಿದೆವು. ಕೊನೆಯ ಪಂದ್ಯ ಸಿಂದಗಿಯವರ ಮೇಲೆ, ನಮ್ಮಲ್ಲೇ. ಪ್ರಿನ್ಸಿಪಾಲರಿಗೆ ಆಟ ಸೇರುತ್ತಿರಲಿಲ್ಲ. ಒಂದು ಪಂದ್ಯ ಆಡದೆ ಬಿಟ್ಟರೂ ತಂಡವೂ ಇಲ್ಲ, ಮುಂದಿನ ವರ್ಷ ಸರ್‌ಗೆ ನೌಕರಿಯೂ ಇಲ್ಲ ಎಂದು ನಮ್ಮೆದುರೇ ಅಂದಿದ್ದರು.

ಸರ್ ಆ ಪಂದ್ಯ ಇಟ್ಟದ್ದು ಎಳ್ಳ ಅಮಾವಾಸ್ಯೆಯ ದಿನ. ಸಿಂದಗಿಯ ಸರ್ ಕೂಡ ಹೊರಗಿನವರೇ, ಒಪ್ಪಿಬಿಟ್ಟರು. ನಮ್ಮ ಕಡೆ ಅದು ಭೂಮಿತಾಯಿಗೆ ಸೀಮಂತದ ದಿನ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತಂದ ಅಡುಗೆಯಲ್ಲಿ ಒಂದಿಷ್ಟನ್ನು ಬೆಳೆಗೆ ಚರಗವೆಂದು ಚೆಲ್ಲಿ, ಅಲ್ಲೇ ಉಣ್ಣಬೇಕು. ಆ ದಿನ ಹೊಲಕ್ಕೆ ಬಾರದ ಮಗನನ್ನು ಯಾವ ಅಪ್ಪನೂ ಸುಮ್ಮನೆ ಬಿಡುತ್ತಿರಲಿಲ್ಲ.

ಸರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಕೇಳಿದರು: “ಎಲ್ಲರೂ ಬರ್ತೀರಲ್ಲ?”

“ಬರ್ತೇವ್ರಿ ಸರ್.”

ಗುರುಗಳ ಮುಖಕ್ಕೆ ‘ಇಲ್ಲ’ ಅನ್ನುವುದು ನಮಗೆ ಗೊತ್ತಿರಲಿಲ್ಲ. ನಾನೊಬ್ಬ ಇಲ್ಲದಿದ್ದರೆ ಉಳಿದ ಹತ್ತು ಮಂದಿ ಆಡುತ್ತಾರೆ ಅಂದುಕೊಂಡು ಹಿಂದಿನ ದಿನ ಸಂಜೆಯ ಬಸ್ಸಿಗೆ ನಮ್ಮೂರು ಗೊಳಸಂಗಿಗೆ ಬಂದುಬಿಟ್ಟೆ. ಮರುದಿನ ಹೊಲದಲ್ಲಿ ಅವ್ವ ಬಡಿಸಿದ ಶೇಂಗಾ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ...

ಅಮಾವಾಸ್ಯೆ ಮುಗಿಸಿ ಮುದ್ದೇಬಿಹಾಳದಲ್ಲಿ ಬಸ್ ಇಳಿದರೆ ತಂಗಡಗಿಯ ನಮ್ಮ ಗೋಲ್‌ಕೀಪರ್ ಎದುರಾದ.

“ಎಷ್ಟು ಗೋಲಿನಿಂದ ಸೋತ್ರಿ?” ಅಂದೆ.

“ನನಗೇನ್ ಕೇಳ್ತಿ? ನಾ ಹೊಲದಾಗಿದ್ದೆ. ನೀನ ಹೇಳು.”

“ನಾನೂ ಹೊಲದಾಗಿದ್ನಿ. ಹಂಗಾರ ಗೋಲಿನ್ಯಾಗ ಯಾರ್ ನಿಂತಿದ್ರು?”

“ನೀ ನಿಂತಿರ್ತಿ ಅಂತ ನಂಬ್ಕೊಂಡು ಎರಡ ಹೋಳಿಗಿ ಜಾಸ್ತಿ ತಿಂದೆನಲ್ಲಲೇ!”

ಕಾಲೇಜಿನ ಬೇವಿನ ಗಿಡದ ಕೆಳಗೆ ಹನ್ನೊಂದೂ ಮಂದಿ ಕೂಡಿದಾಗ ತಿಳಿಯಿತು, ಒಬ್ಬನೂ ಹೋಗಿರಲಿಲ್ಲ. ಸರ್ ಎಳೆದ ಸುಣ್ಣದ ಗೆರೆಗಳು ತುಳಿಯುವ ಕಾಲಿಲ್ಲದೆ ಹಾಗೇ ಬೆಳ್ಳಗಿದ್ದವು. ಅವರ ನೌಕರಿ ನಮ್ಮಿಂದಲೇ ಹೋಯಿತು ಅಂದುಕೊಂಡೆವು.

ಸರ್ ಬಂದರು. “ಹತ್ತು ಗಂಟೆಯಿಂದ ನಾನೊಬ್ಬನೇ ನಿಂತಿದ್ದೆ. ಹನ್ನೊಂದಕ್ಕೆ ಸಿಂದಗಿಯಿಂದ ಬಂದರು” ಅಂದರು. ನಾವು ತಲೆ ತಗ್ಗಿಸಿದೆವು.

“ಬಂದದ್ದು ಅವರ ಸರ್ ಒಬ್ಬರೇ. ಅವರ ಹುಡುಗರೂ ‘ಬರ್ತೇವ್ರಿ’ ಅಂದಿದ್ದರಂತೆ.”

ಗೋಲ್‌ಕೀಪರ್ ಕಿಸಕ್ಕನೆ ನಕ್ಕ. ಆಮೇಲೆ ಸರ್ ನಕ್ಕರು. ಎರಡೂ ಕಡೆಯವರು ಬಾರದಿದ್ದರೆ ಪಂದ್ಯ ಬಿಟ್ಟುಕೊಟ್ಟ ಲೆಕ್ಕವಾಗುವುದಿಲ್ಲ, ಎಂಟು ದಿನ ಬಿಟ್ಟು ಆಡಬಹುದು ಅಂದರು. ನನಗೆ ಆಗ ಉಸಿರು ಬಂತು. ಇಬ್ಬರು ಸರ್‌ಗಳನ್ನೂ ಪಕ್ಕದ ಹೊಲದವರು ಕರೆದು, ಬಿಡದೆ ಉಣಿಸಿ ಕಳಿಸಿದ್ದರಂತೆ.

“ಉಂಡ ಮೇಲೆ ನೀವು ಯಾಕೆ ಬರಲಿಲ್ಲ ಅಂತ ತಿಳಿಯಿತು. ಬರೋದಿಲ್ಲ ಅಂತ ಯಾಕೆ ಹೇಳಲಿಲ್ಲ ಅನ್ನೋದು ಮಾತ್ರ ತಿಳಿಯಲಿಲ್ಲ” ಅಂದರು ಸರ್.

ಎಂಟು ದಿನದ ಮೇಲೆ ಆಡಿ ಒಂದು ಗೋಲಿನಿಂದ ಸೋತೆವು. ಹನ್ನೊಂದೂ ಮಂದಿ ಇದ್ದೆವು. ಸರ್ ನೌಕರಿ ಉಳಿಯಿತು, ಮುಂದೆ ಕಾಯಂ ಆಯಿತು. ಕಡಲ ಕಡೆಯ ಸರ್ ನಮ್ಮ ನಿಡಗುಂದಿಯಲ್ಲೇ ಮನೆ ಕಟ್ಟಿದರು, ನಮ್ಮಂತೆಯೇ ಮಾತಾಡತೊಡಗಿದರು. ನಮ್ಮಲ್ಲಿ ಯಾರು ‘ಬರ್ತೇನ್ರಿ ಸರ್’ ಅಂದರೂ ಕೇಳುತ್ತಿದ್ದರು: “ಖರೇ ಬರ್ತೇನೋ, ಅಮಾಸಿ ಬರ್ತೇನೋ?” ನನ್ನ ಮದುವೆಗೆ ಕರೆದು ‘ಬರ್ತೇನ್ರಿ’ ಅಂತ ಹೊರಟಾಗಲೂ ಕೇಳಿದರು. ನಗುತ್ತಿದ್ದೆ. ಒಳಗೆ ಎಲ್ಲೋ ಚುಚ್ಚುತ್ತಿತ್ತು... ಅವತ್ತಿನದು ತಪ್ಪಾಯಿತೆಂದು ಒಮ್ಮೆಯೂ ಅವರಿಗೆ ಹೇಳಿರಲಿಲ್ಲ.

ಈ ಸಲದ ಅಮಾವಾಸ್ಯೆಗೆ ಮುಂಚೆ ಅವರು ಹಾಸಿಗೆ ಹಿಡಿದದ್ದು ಕೇಳಿ ನಿಡಗುಂದಿಗೆ ಹೋದೆ. ಸಂಜೆ ಹೊರಡುವಾಗ ಬಾಯಿಗೆ ಅದೇ ಮಾತು ಬಂತು: “ನಾಳೆ ಬರ್ತೇನ್ರಿ ಸರ್.”

ಕಣ್ಣು ಮುಚ್ಚಿಕೊಂಡೇ ಕೇಳಿದರು: “ಯಾ ಬರ್ತೇನಿ?”

“ಖರೇನ ಬರ್ತೇನ್ರಿ.”

ಮರುದಿನ ಮೊದಲ ಬಸ್ಸಿಗೇ ಹೋದೆ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಅವರ ಮುಂದೆ ನಿಂತೆ. ಕಣ್ಣು ತೆರೆದು ನೋಡಿದರು, ಮಗಳ ಕಡೆ ತಿರುಗಿ ಒಂದು ಬೆರಳು ಎತ್ತಿದರು. “ಒಬ್ಬ ಬಂದ ನೋಡವಾ...”

ನಾನು ಕೇಳಿದ ಅವರ ಕೊನೆಯ ಮಾತು ಅದೇ. ಮೂರನೆಯ ದಿನ ಹೋದರು.

ಸೊಸೆ ಬುತ್ತಿ ಕಟ್ಟಿದಳು, ಹೊಲಕ್ಕೆ ಹೋದೆವು. ಚರಗ ಚೆಲ್ಲುವಾಗ ಒಂದು ಹಿಡಿ ನಿಡಗುಂದಿಯ ದಿಕ್ಕಿಗೆ ಚೆಲ್ಲಿದೆ. ಇನ್ನು ನನ್ನ ‘ಬರ್ತೇನಿ’ಯನ್ನು ಹಾಗೆ ಕೇಳುವವರು ಯಾರೂ ಇಲ್ಲ. ಆದರೆ ಕೊನೆಯ ಸಲ ಹೋಗಿದ್ದೆ. ಈ ಸಲ ಹೊಲದಲ್ಲಿ ಹೋಳಿಗೆ ಗಂಟಲಲ್ಲಿ ಇಳಿಯಿತು.