ಮೂರನೇ ಶನಿವಾರದ ಅಕ್ಕ

ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಹಾಗೆಯೇ ಕರೆಯುತ್ತಿದ್ದರು. ಅಕ್ಕಾ ಅಂದುಬಿಟ್ಟರೆ ಕೆಲಸ ಮಾಡಿಸಿಕೊಳ್ಳುವುದು ಸುಲಭವಲ್ಲವೇ!

ವಿಮೆ ಕಚೇರಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ಅಕ್ಕನ ಹೊಟ್ಟೆಪಾಡು. ತಿಂಗಳ ಮೂರನೇ ಶನಿವಾರ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಕ್ಲೌಡ್ ಬಳಗವನ್ನು ಸೇರಿಸುವುದು ಅವರ ಬಿಟ್ಟಿ ಚಾಕರಿ. ಎಲ್ಲೋ ದೂರದಲ್ಲಿ ಸಾಲಾಗಿ ಕೂತ ಕಂಪ್ಯೂಟರುಗಳನ್ನು ಇಲ್ಲಿಂದಲೇ ಬೇಕಾದಷ್ಟು ಬಳಸುವ, ಬೇಡವಾದಾಗ ಅಳಿಸುವ ವಿದ್ಯೆ ಅದು. ಅದರ ತಂತ್ರಾಂಶವೂ ಯಾರಪ್ಪನ ಸೊತ್ತಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಹಾಗೆ ಬಿಚ್ಚುವವರೂ ತಿದ್ದುವವರೂ ಒಂದೆಡೆ ಕೂತು ಹರಟಲಿ ಎಂದು ಅಕ್ಕ ವರ್ಷಗಳ ಹಿಂದೆ ಈ ಬಳಗ ಕಟ್ಟಿದ್ದರು.

ಬಳಗಕ್ಕೊಂದು ಪದ್ಧತಿಯಿತ್ತು. ಭಾಷಣಕ್ಕೆ ಮೊದಲು ಪ್ರತಿಯೊಬ್ಬರೂ ಎದ್ದು ನಿಂತು ಆ ತಿಂಗಳು ತಾವು ಕೆಡಿಸಿದ್ದೇನು ಎಂದು ಹೇಳಬೇಕು. ಹೇಳಿದವರು ತಾವೇ ನಗುವ ತನಕ ಉಳಿದವರು ನಗುವಂತಿಲ್ಲ. ಈ ನಿಯಮ ಮಾಡಿದವರೂ ಅಕ್ಕನೇ.

ನಿಯಮ ಮಾಡುವಾಗ ಇದ್ದ ಹುರುಪು ಈಗ ಉಳಿದಿರಲಿಲ್ಲ. ಕುರ್ಚಿ ಹಾಕುವವರು ಅಕ್ಕ, ಭಾಷಣ ಮಾಡುವವರಿಗೆ ದುಂಬಾಲು ಬೀಳುವವರು ಅಕ್ಕ, ಪ್ರೊಜೆಕ್ಟರಿನ ಚಿತ್ರ ಕೆಂಪಗೆ ಕಂಡರೆ ಅದರ ವೈರು ಅಲ್ಲಾಡಿಸುವವರೂ ಅಕ್ಕ. ಎಲ್ಲಕ್ಕಿಂತ ಹೆಚ್ಚಾಗಿ, ಈ ಶನಿವಾರ ಸಭೆಯಿದೆ ಎಂದು ಎಲ್ಲರಿಗೂ ನೆನಪಿನ ಮೇಲ್ ಬರೆಯುವುದು. ಪ್ರತಿ ತಿಂಗಳೂ ಹೊಸದಾಗಿ, ಚೂರು ತಮಾಷೆ ಬೆರೆಸಿ, ಒಂದು ವಾಕ್ಯ ಹಳಸಿದಂತೆ ಕಂಡರೆ ಕಿತ್ತುಹಾಕಿ ಬರೆಯುತ್ತಿದ್ದರು. ಮೇಲ್ ಹೋಗದಿದ್ದರೆ ಒಂದು ನೊಣವೂ ಬರುವುದಿಲ್ಲ ಎಂದು ನಂಬಿದ್ದರು.

"ಇದನ್ನ ನಿನ್ನ ಕುತ್ತಿಗೆಗೆ ಕಟ್ಟಿದೋರು ಯಾರು?" ಎಂದು ಯಜಮಾನರು ಆಗಾಗ ಕೇಳುತ್ತಿದ್ದರು. ಅವರು ಶಾಲೆ ವ್ಯಾನ್ ಓಡಿಸುವವರು.

"ನಾನೇ ಕಟ್ಕೊಂಡಿದ್ದು ಕಣ್ರೀ."

"ಹಾಗಾದ್ರೆ ನೀನೇ ಬಿಚ್ಚು."

ಈ ತಿಂಗಳು ಬಿಚ್ಚಿಬಿಡುವುದೆಂದು ನಿರ್ಧರಿಸಿದರು. ಸುಸ್ತು ಮೂಳೆಗೆ ಇಳಿದಿತ್ತು. ಆಫೀಸಿನಲ್ಲಿ ಯಾರಾದರೂ ಅಕ್ಕಾ ಎಂದರೆ ಸಾಕು, ಮೈ ಉರಿಯುತ್ತಿತ್ತು. ಇನ್ನು ಬಳಗ ಇಲ್ಲ ಎಂದು ಎಲ್ಲರಿಗೂ ಕೊನೆಯದೊಂದು ಮೇಲ್ ಕಳಿಸಿ ಕೈ ತೊಳೆದುಕೊಳ್ಳುವುದು. ಅದಕ್ಕೆ ಮೊದಲು, ಬಳಗಕ್ಕೆಂದು ಒಂದು ಕಾಲೇಜು ಕೊಟ್ಟಿದ್ದ ಕ್ಲೌಡ್ ಜಾಗವನ್ನು ಚೊಕ್ಕ ಮಾಡಿ ಒಪ್ಪಿಸಬೇಕಲ್ಲ, ಅಳಿಸುತ್ತ ಕೂತರು. ಯಾರೋ ಕಲಿಯಲೆಂದು ಶುರುಮಾಡಿ ಮರೆತುಹೋದ ಕ್ಲೌಡ್ ಯಂತ್ರಗಳು ರಾಶಿ ಬಿದ್ದಿದ್ದವು. ಅವುಗಳ ನಡುವೆ ಒಂದರ ಹೆಸರು 'ತಾತ್ಕಾಲಿಕ'. ತಾತ್ಕಾಲಿಕ ತಾನೇ ಎಂದು ಅದನ್ನೂ ಅಳಿಸಿದರು.

ಆಮೇಲೆ ಮೇಲ್ ಕಳಿಸಲು ಹೋದರೆ ಸದಸ್ಯರ ವಿಳಾಸಗಳೇ ಇಲ್ಲ. ಬಳಗ ಶುರುವಾದ ಹೊಸದರಲ್ಲಿ, ಒಳ್ಳೆಯ ಜಾಗ ಸಿಗುವ ತನಕ ಇರಲಿ ಎಂದು ಬಳಗದ ವೆಬ್‌ಸೈಟನ್ನೂ ವಿಳಾಸಗಳನ್ನೂ ಒಂದು ಯಂತ್ರದಲ್ಲಿಟ್ಟು, ಅದಕ್ಕೆ ತಾತ್ಕಾಲಿಕ ಎಂದು ಹೆಸರಿಟ್ಟವರು ಅವರೇ! ಒಳ್ಳೆಯ ಜಾಗ ಹುಡುಕಲು ಪುರುಸೊತ್ತೇ ಆಗಿರಲಿಲ್ಲ. ಬ್ಯಾಕಪ್ ಎಂದು ಬೇರೆಡೆ ಇಟ್ಟ ಇನ್ನೊಂದು ಪ್ರತಿ ಕೂಡ ಇರಲಿಲ್ಲ. ಬ್ಯಾಕಪ್ ಇಟ್ಟುಕೊಳ್ಳಿ ಎಂದು ಬಳಗದಲ್ಲಿ ಅತಿ ಹೆಚ್ಚು ಭಾಷಣ ಬಿಗಿದವರೂ ಅವರೇ.

ಮುಚ್ಚುತ್ತೇವೆ ಎಂದು ತಿಳಿಸಲಿಕ್ಕೂ ದಾರಿ ಉಳಿಯಲಿಲ್ಲ. ನೆನಪಿನ ಮೇಲ್ ಹೋಗಿಲ್ಲ, ಹೇಗೂ ಯಾರೂ ಬರುವುದಿಲ್ಲ ಎಂದುಕೊಂಡರು. ಆದರೂ ಒಬ್ಬಿಬ್ಬರು ಬಂದು ಬೀಗ ನೋಡಿಕೊಂಡು ಹೋಗುವಂತಾಗಬಾರದು. 'ಬಳಗ ನಿಂತಿದೆ' ಎಂದು ಒಂದು ಹಾಳೆಯಲ್ಲಿ ಬರೆದು, ಅಂಟಿಸಲು ಟೇಪ್ ಹಿಡಿದು, ಶನಿವಾರ ನಿಧಾನವಾಗಿ ಹೊರಟರು. ಓಡೋಡಿ ಹೋಗದ ಮೊದಲ ಶನಿವಾರ ಅದು.

ಮೆಟ್ಟಿಲು ಹತ್ತುವಾಗಲೇ ಮಾತಿನ ಗದ್ದಲ ಕೇಳಿಸಿತು. ಬಾಗಿಲು ತೆರೆದಿತ್ತು. ಕುರ್ಚಿಗಳನ್ನು ಸೊಟ್ಟಪಟ್ಟ ಹಾಕಿದ್ದರು, ಆದರೆ ಎಲ್ಲದರಲ್ಲೂ ಜನ ಕೂತಿದ್ದರು. ಪ್ರೊಜೆಕ್ಟರಿನ ಚಿತ್ರ ಕೆಂಪಗೆ ಕಾಣುತ್ತಿತ್ತು, ಯಾರಿಗೂ ಅದರ ಚಿಂತೆಯಿಲ್ಲ.

"ಕೀ ನನ್ನ ಹತ್ರ ಇದೆಯಲ್ಲ?" ಎಂದರು ಅಕ್ಕ.

ಫೋನ್ ಕಂಪನಿಯಲ್ಲಿ ಕೆಲಸ ಮಾಡುವ, ಎಲ್ಲರೂ ಗಡ್ಡ ಎಂದು ಕರೆಯುವವನು ಮುಂದೆ ಬಂದ. "ಕೆಳಗೆ ಲೈಬ್ರರಿಯೋರ ಹತ್ರ ಇನ್ನೊಂದು ಇತ್ತು ಅಕ್ಕಾ, ಕೇಳಿದ್ವಿ, ಕೊಟ್ರು."

"ಮೇಲ್ ಬರ್ಲಿಲ್ವಲ್ಲ, ಇವತ್ತು ಇದೆ ಅಂತ ಹೇಗೆ ಗೊತ್ತಾಯ್ತು?"

"ಮೂರನೇ ಶನಿವಾರ ಅಲ್ವಾ?" ಎಂದರು ಕಾಲೇಜಿನ ಲ್ಯಾಬ್ ಟೀಚರ್. ಆಮೇಲೆ ಮೆಲ್ಲಗೆ, "ನಿಮ್ಮ ಮೇಲ್ ನಂಗಂತೂ ಸ್ಪ್ಯಾಮ್‌ಗೆ ಬೀಳುತ್ತೆ, ಕಸದ ಮೇಲ್‌ಗಳ ಜೊತೆ. ತೆರೆದೇ ನೋಡಿಲ್ಲ. ಬೇಜಾರ್ ಮಾಡ್ಕೋಬೇಡಿ."

"ನಂಗೂ," ಎಂದ ಗಡ್ಡ. ಹಿಂದಿನ ಸಾಲಿನಲ್ಲೂ ತಲೆಗಳು ಆಡಿದವು.

ಅಷ್ಟು ವರ್ಷದ ತಮಾಷೆ, ಅಷ್ಟು ತಿದ್ದಿದ ವಾಕ್ಯಗಳು, ಎಲ್ಲ ನೀರಲ್ಲಿ ಹೋಮ. ಅಕ್ಕನಿಗೆ ಅಳು ಬರುವಷ್ಟು ನೋವಾಯಿತು. ಕೈಯಲ್ಲಿದ್ದ ಹಾಳೆಯನ್ನು ಮಡಚಿ ಚೀಲಕ್ಕೆ ತುರುಕಿ, ಯಾರೋ ಹಾಕಿದ್ದ ಸೊಟ್ಟ ಕುರ್ಚಿಯಲ್ಲಿ ಕೂತರು. ಇಲ್ಲಿ ಕೂತರೆ ಬೆನ್ನಿಗೆ ಇಷ್ಟು ಹಾಯೆನಿಸುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ.

ಕೆಡಿಸಿದ್ದನ್ನು ಹೇಳುವ ಅಕ್ಕನ ಸರದಿ ಬಂತು. ಎದ್ದು ನಿಂತರು.

"ತಾತ್ಕಾಲಿಕ ಅಂತ ಇತ್ತು. ಅಳಿಸಿಬಿಟ್ಟೆ," ಎಂದರು ಅಕ್ಕ. "ನಮ್ಮ ಸೈಟು, ನಿಮ್ಮೆಲ್ಲರ ವಿಳಾಸ, ಎಲ್ಲಾ ಹೋಯ್ತು. ಬ್ಯಾಕಪ್ ಇಲ್ಲ. ಬಳಗ ಮುಚ್ಚೋಕೆ ಅಂತ ಕೂತು ಹಾಗ್ಮಾಡಿದ್ದು. ನಂಗೆ ಸಾಕಾಗಿದೆ ಕಣ್ರಪ್ಪಾ, ನಿಜವಾಗ್ಲೂ ಸಾಕಾಗಿದೆ."

ಯಾರೂ ನಗಲಿಲ್ಲ. ನಿಯಮ ನಿಯಮವೇ. ಗಡ್ಡ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದ. ಲ್ಯಾಬ್ ಟೀಚರ್ ಕಣ್ಣುಗಳು ತುಂಬಿದ್ದವು, ನಗು ತಡೆದೋ ದುಃಖಕ್ಕೋ ಹೇಳುವುದು ಕಷ್ಟ. ಅಕ್ಕ ಆ ಮುಖಗಳನ್ನೇ ನೋಡುತ್ತ ನಿಂತರು. ಬ್ಯಾಕಪ್ ಎಂದು ತಾವು ಬಿಗಿದ ಭಾಷಣಗಳು ನೆನಪಾದವು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಬಾಯಿ ಬಿಟ್ಟು ನಕ್ಕರು. ಆಗ ಕೋಣೆಯೇ ಬಿದ್ದುಹೋಗುವಂತೆ ಎಲ್ಲರೂ ನಕ್ಕರು.

ಸಭೆ ಮುಗಿದ ಮೇಲೆ ಲ್ಯಾಬ್ ಟೀಚರ್ ಬಂದು ಕೈ ಚಾಚಿದರು. "ಆ ಕೀ ಇಲ್ಲಿ ಕೊಡಿ. ಇನ್ಮೇಲೆ ನಾವು ನೋಡ್ಕೋತೀವಿ."

ಅಕ್ಕ ಕೊಟ್ಟರು. ಕೊಡುವಾಗ ಕೈ ಒಂದು ಗಳಿಗೆ ತಡೆಯಿತು ಅನ್ನುವುದೂ ನಿಜ. ಕೆಳಗೆ ಯಜಮಾನರ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು. ಮೆಟ್ಟಿಲಿನವರೆಗೆ ಗಡ್ಡ ಹಿಂದೆಯೇ ಬಂದ.

"ಮುಂದಿನ ತಿಂಗಳು ಬರ್ತೀರಿ ತಾನೇ ಅಕ್ಕಾ?"

"ಮೇಲ್ ಕಳಿಸಿ," ಎಂದರು ಅಕ್ಕ ಇಳಿಯುತ್ತಲೇ, "ನೋಡ್ತೀನಿ."