ಬಕೀಟಿನಲ್ಲಿದ್ದ ಕಟ್ಟು

ಮಕ್ಕಳೇ, ಜೂನ್ ಒಂದಕ್ಕೆ ನೀವು ನನಗೆ ಕೇಕು ತರುತ್ತೀರಿ. ನಾನು ಅವತ್ತು ಹೋಳಿಗೆ, ಕಟ್ಟಿನ ಸಾರು ಮಾಡುತ್ತೇನೆ. ಮೊದಲ ಡಬ್ಬಿ ತುಂಬಿ ಪಕ್ಕದ ಬಿಲ್ಡಿಂಗಿನ ವೈನಿಗೆ ಕೊಟ್ಟು ಬಂದ ಮೇಲೆಯೇ ನಿಮಗೆ ಬಡಿಸುತ್ತೇನೆ. "ಅಜ್ಜಿ, ನಿನ್ನ ಹುಟ್ಟುಹಬ್ಬದ ದಿನ ನೀನೇ ಯಾಕ ಡಬ್ಬಿ ಹೊತ್ಕೊಂಡ ಹೋಗ್ತಿ?" ಎಂದು ಕಳೆದ ಸಲ ಸಣ್ಣವಳು ಕೇಳಿದಳು. "ಪದ್ಧತಿ" ಎಂದುಬಿಟ್ಟೆ. ಪದ್ಧತಿ ಅಲ್ಲ. ಬಾಯಿಂದ ಹೇಳಲು ನಾಚಿಕೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಓದಿ ಆದ ಮೇಲೆ ನನ್ನ ಎದುರು ಮಾತು ತೆಗೆಯಬೇಡಿ. ಓದಿದಿರಿ ಎಂದು ನನಗೆ ಹೇಗೂ ಗೊತ್ತಾಗುತ್ತದೆ.

ಮೊದಲು ತಾರೀಖಿನ ಮಾತು. ನಾನು ಹುಟ್ಟಿದ್ದು ಜೂನ್ ಒಂದಕ್ಕಲ್ಲ. ಯಾವತ್ತು ಹುಟ್ಟಿದೆ ಎಂದು ನಮ್ಮವ್ವನಿಗೂ ಗೊತ್ತಿರಲಿಲ್ಲ, ಜೋಳದ ರಾಶಿ ನಡೆದಿತ್ತು ಎನ್ನುವುದಷ್ಟೇ ಗೊತ್ತು. ಸಾಲಿಗೆ ಹಾಕುವಾಗ ಮಾಸ್ತರು ಜೂನ್ ಒಂದು ಎಂದು ಬರೆದುಕೊಂಡರು. ಅದೇ ಆಧಾರ್ ಕಾರ್ಡಿಗೂ ಬಂತು. ಏಳನೆಯ ಇಯತ್ತೆಯವರೆಗೆ ಹಳ್ಳಿಯಲ್ಲಿ ಕಲಿತು, ಮದುವೆಯಾಗಿ ಪುಣೆಗೆ ಬಂದೆ. ನಿಮ್ಮ ಅಜ್ಜ ಇರುವವರೆಗೆ ಹೊರಗಿನ ಮಾತೆಲ್ಲ ಅವರೇ ಆಡುತ್ತಿದ್ದರು. ತರಕಾರಿಯವನ ಜೊತೆ ಮರಾಠಿ ಮಾತಾಡಲಿಕ್ಕೂ ನಾನು ಅವರ ಹಿಂದೆ ನಿಲ್ಲುತ್ತಿದ್ದೆ.

ಅವರು ಹೋದ ಮೇಲೆ ವರ್ಷಗಟ್ಟಲೆ ಮನೆಯಿಂದ ಹೊರಗೆ ಬೀಳಲಿಲ್ಲ. ನನ್ನನ್ನು ಎಬ್ಬಿಸಿದವರು ವೈನಿ; ಅತ್ತಿಗೆಗೆ ವೈನಿ ಎನ್ನುತ್ತಾರಲ್ಲ, ಹಾಗೆ ನಾನು ಕರೆಯುವುದು. ಬೆಳಗಾವಿ ಕಡೆಯವರು, ನನಗಿಂತ ಆರೇಳು ವರ್ಷ ದೊಡ್ಡವರು, ಅವರಿಗೂ ಗಂಡ ಇಲ್ಲ, ಮಗ ಸೊಸೆಯ ಜೊತೆ ಇದ್ದಾರೆ. ಒಂದು ದಿನ ಬಾಗಿಲಲ್ಲಿ ನಿಂತು ಅಂದರು, "ಎಷ್ಟ ದಿನಾ ಗ್ವಾಡಿ ನೋಡ್ಕೋತ ಕೂಡತೀ? ಅದೇನ್ ಓಡಿ ಹೋಗೂದಿಲ್ಲ. ಚಪ್ಪಲಿ ಹಾಕ್ಕೋ, ನಡಿ."

ಕರೆದುಕೊಂಡು ಹೋದದ್ದು ನಮ್ಮ ನಿಗಡಿಯ ತೋಟದ ಮೂಲೆಯಲ್ಲಿ ಕಾರ್ಪೊರೇಶನ್ನಿನವರು ಹಿರಿಯರಿಗೆಂದು ಕಟ್ಟಿಸಿದ ಹಾಲ್‌ಗೆ. ಅಲ್ಲಿ ತಿಂಗಳಿಗೊಮ್ಮೆ ಸಭೆ. ನೀರು ಬಾರದ್ದು, ಬೀದಿ ದೀಪ ಕೆಟ್ಟದ್ದು, ಹಸಿ ಕಸ ಒಣ ಕಸ, ಎಲ್ಲ ಮಾತಾಡುತ್ತಾರೆ. ಕೊನೆಗೆ ಆ ತಿಂಗಳಲ್ಲಿ ಹುಟ್ಟಿದವರನ್ನು ಕೂರಿಸಿ ಆರತಿ ಎತ್ತುತ್ತಾರೆ. ಹುಟ್ಟುಹಬ್ಬದವರು ಮನೆಯಲ್ಲಿ ಮಾಡಿದ ಅಡುಗೆಯನ್ನೇ ತರಬೇಕು, ಅಂಗಡಿಯದು ನಡೆಯುವುದಿಲ್ಲ, ಇದೊಂದು ಕಟ್ಟುನಿಟ್ಟು. ಜೂನ್ ತಿಂಗಳಲ್ಲಿ ಕುರ್ಚಿ ಸಾಲುವುದಿಲ್ಲ. ನನ್ನ ಹಾಗೆ ಹಳ್ಳಿ ಸಾಲಿಯವರು ಎಲ್ಲರೂ ಜೂನ್ ಒಂದರವರೇ. ಮೊದಲ ವರ್ಷ ಆ ಸಾಲು ನೋಡಿ ವೈನಿ ನನ್ನ ಕಿವಿಯಲ್ಲಿ, "ಮಾಸ್ತರ ಒಂದ ಪೆನ್ನಿಲೆ ಇಷ್ಟೂ ಮಂದೀನ ಹಡದಾನ ನೋಡ!" ಎಂದರು. ಗಂಡ ಹೋದ ಮೇಲೆ ನಾನು ನಕ್ಕದ್ದು ಅವತ್ತೇ ಮೊದಲು. ನನ್ನ ಹಣೆಗೆ ಕುಂಕುಮ ಹಚ್ಚಲು ಒಬ್ಬರು ಅನುಮಾನಿಸಿದಾಗ ತಾಟು ಕಸಿದುಕೊಂಡು ತಾವೇ ಹಚ್ಚಿದವರೂ ವೈನಿಯೇ. ಇಂಥವರಿಗೆ ನಾನು ಮಾಡಿದ್ದನ್ನು ಈಗ ಹೇಳುತ್ತೇನೆ.

ವೈನಿಯ ಹುಟ್ಟುಹಬ್ಬ ಮಾರ್ಚ್‌ನಲ್ಲಿ. ಅದು ಖರೇ ತಾರೀಖು, ಅವರು ಊರಲ್ಲಿ ದವಾಖಾನೆಯಲ್ಲಿ ಹುಟ್ಟಿದವರು. ಆ ವರ್ಷ ಐವತ್ತು ಜನಕ್ಕೆ ಹೋಳಿಗೆ, ಕಟ್ಟಿನ ಸಾರು ಎಂದು ಸಭೆಯಲ್ಲಿ ಸಾರಿಬಿಟ್ಟಿದ್ದರು. ಕಟ್ಟು ಎಂದರೆ ಹೋಳಿಗೆಯ ಬೇಳೆ ಬೇಯಿಸಿ ಬಸಿದ ನೀರು. ಸಾರಿನ ಜೀವವೆಲ್ಲ ಅದರಲ್ಲಿ. ವೈನಿಯ ಕಟ್ಟಿನ ಸಾರಿಗಾಗಿ ಮರಾಠಿ ಹೆಂಗಸರೂ ಕಾಯುತ್ತಿದ್ದರು.

ಬೆಳಿಗ್ಗೆಯೇ ಅವರ ಅಡಿಗೆಮನೆಯಲ್ಲಿ ನಾವು ಮೂವರು ಸೇರಿದೆವು. ವೈನಿ, ನಾನು, ಮತ್ತು ಅವರ ಮಹಡಿಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುತ್ತೇವೆ. ಕಾಕು ಕಣಕ ನಾದುತ್ತಿದ್ದರು. ವೈನಿ ಬೇಳೆ ಬಸಿದು, ಅಷ್ಟು ದೊಡ್ಡ ಪಾತ್ರೆ ಇಲ್ಲದ್ದಕ್ಕೆ ಕಟ್ಟನ್ನು ಹೊಸ ಸ್ಟೀಲ್ ಬಕೀಟಿಗೆ ಹೊಯ್ದು, ಮೇಲೆ ಸೌಟು ಅಡ್ಡ ಇಟ್ಟು, ಪಾತ್ರೆ ತೊಳೆಯುವ ಮೋರಿಯ ಪಕ್ಕ ಇಟ್ಟರು. ಆಮೇಲೆ ಫೋನ್ ಬಂತೆಂದು ಹೊರಗಿನ ಕೋಣೆಗೆ ಹೋದರು. ಕಾಕು ತಮ್ಮ ಮನೆಯಿಂದ ಲಟ್ಟಣಿಗೆ ತರಲು ಹೋದರು. ನಾನು ಪಾತ್ರೆ ತೊಳೆಯಲು ಕುಳಿತೆ.

ನಮ್ಮ ಹಳ್ಳಿ ಮನೆಯಲ್ಲಿ ಮೋರಿಯ ಪಕ್ಕ ಯಾವಾಗಲೂ ಒಂದು ಬಕೀಟು ಇರುತ್ತಿತ್ತು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಮುಸುರೆ, ಎಲ್ಲ ಅದರಲ್ಲಿ. ಸಂಜೆ ಎಮ್ಮೆಗೆ. ಪುಣೆಯಲ್ಲಿ ಎಮ್ಮೆ ಇಲ್ಲ, ಮುಸುರೆ ಮೋರಿಗೇ ಹೋಗುತ್ತದೆ. ಇಷ್ಟು ವರ್ಷ ಆದರೂ ಮೋರಿಯ ಪಕ್ಕದ ಬಕೀಟು ಎಂದರೆ ನನ್ನ ಕೈಗೆ ಮುಸುರೆಯೇ. ಸೌಟು ತೆಗೆದು ತೊಳೆದು ಗೂಟಕ್ಕೆ ಹಾಕಿದೆ. ಬಕೀಟು ಎತ್ತಿ ಬಗ್ಗಿಸಿದೆ.

ಅರ್ಧ ಹೋಗುವ ಹೊತ್ತಿಗೆ ಹಬೆ ಮುಖಕ್ಕೆ ಬಡಿಯಿತು. ಬೇಳೆಯ ವಾಸನೆ. ಗೊತ್ತಾಯಿತು.

ಇಲ್ಲಿಯವರೆಗೆ ಆದದ್ದು ತಪ್ಪು, ಅದಕ್ಕೆ ನಾನು ನಾಚುವುದಿಲ್ಲ. ಇನ್ನೂ ಅರ್ಧ ಬಕೀಟು ಇತ್ತು. ಅಲ್ಲಿಗೆ ನಿಲ್ಲಿಸಿ "ವೈನಿ, ಹಿಂಗಾತ್ರಿ" ಎಂದು ಕೂಗಬಹುದಿತ್ತು. ಉಳಿದದ್ದರಲ್ಲಿ ನೀರು ಕೂಡಿಸಿ ಸಾರು ಆಗುತ್ತಿತ್ತು. ನಾನು ಉಳಿದದ್ದನ್ನೂ ಸುರಿದೆ. ಬಕೀಟು ತೊಳೆದು ಬೋರಲು ಹಾಕಿದೆ. ಹೊರಗೆ ಹೆಜ್ಜೆ ಸಪ್ಪಳ ಕೇಳಿದಾಗ ಹೂರಣ ಅರೆಯುತ್ತ ಕುಳಿತಿದ್ದೆ.

ವೈನಿ ಬಂದು ನೋಡಿದರು. "ಕಟ್ಟ ಎಲ್ಲಿ ಇಟ್ಟೆ ನಾ?"

ನಾನು ತಲೆ ಎತ್ತಲಿಲ್ಲ.

"ಬಕೀಟಿಗೆ ಹಾಕಿದ್ದೆ ಅಲಾ? ಹಾಕಿದ್ನೋ, ಸೀದಾ ಮೋರಿಗೇ ಬಸದ್ನೋ?" ಅವರು ಗೂಟ ನೋಡಿದರು. ದನಿ ಸಣ್ಣದಾಯಿತು. "ಸೌಟ ತೊಳದ ಗೂಟಕ್ಕ ಹಾಕೇನಿ. ಅಂದ್ರ ನಾನs ಚೆಲ್ಲೀನಿ. ಯಾವಾಗ ಹಾಕಿದೆ, ಖಬರs ಇಲ್ಲಲ್ಲ."

ಅಷ್ಟರಲ್ಲಿ ಕಾಕು ಬಂದರು. ವಿಷಯ ಕೇಳಿ ಮರಾಠಿಯಲ್ಲಿ, "ಹೋದ ವಾರ ತೋಟದ ಹಾಲ್‌ನಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದಿರಿ, ಇವತ್ತು ಕಟ್ಟು. ನಾಳೆ ನಮ್ಮನ್ನೂ ಗುರುತು ಹಿಡಿಯುತ್ತೀರೋ ಇಲ್ಲವೋ!" ಎಂದು ನಕ್ಕರು. ಕಾಕು ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಆಡಿದ್ದಲ್ಲ. ಆದರೆ ನನಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ವೈನಿಯ ತಾಯಿ ಕೊನೆಯ ವರ್ಷಗಳಲ್ಲಿ ಮಗಳನ್ನೇ "ನೀವು ಯಾರ ಪೈಕಿ ಬಾಯೀ?" ಎಂದು ಕೇಳುತ್ತಿದ್ದರಂತೆ. ಇದನ್ನು ವೈನಿ ನನಗೊಬ್ಬಳಿಗೇ ಹೇಳಿದ್ದರು. ತಾನೂ ಹಾಗಾಗುತ್ತೇನೇನೋ ಎನ್ನುವುದೊಂದೇ ಅವರಿಗಿದ್ದ ಹೆದರಿಕೆ. ಅವರ ಮುಖ ನೋಡಿದರೆ ಆ ಹೆದರಿಕೆ ಮನೆಯೊಳಗೆ ಬಂದು ಕೂತಾಗಿತ್ತು. ನಾನು ಹೂರಣ ಅರೆಯುತ್ತಲೇ ಇದ್ದೆ.

ಸಂಜೆ ಸಭೆಯಲ್ಲಿ ಹೋಳಿಗೆಗೆ ಹಾಲು ತುಪ್ಪ ಬಡಿಸಿದೆವು. ಅಧ್ಯಕ್ಷರು ಮೈಕಿನಲ್ಲಿ, "ಇವತ್ತಿನ ಸಾರು ನಮಗಿಲ್ಲ, ಪವನಾ ನದಿಯ ಮೀನುಗಳಿಗೆ!" ಎಂದರು. ಎಲ್ಲರೂ ನಕ್ಕರು. ವೈನಿಯೂ ನಕ್ಕರು. ನಾನೂ ನಕ್ಕೆ, ಮಕ್ಕಳೇ.

ಆಮೇಲೆ ಒಂದಕ್ಕೊಂದು ಕೂಡಿಕೊಂಡಿತು. ವೈನಿಯ ಮಗ ಒಳ್ಳೆಯವನು, ಭೋಸರಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕಟ್ಟಿನ ಸುದ್ದಿ ಕೇಳಿ, "ಅವ್ವಾ, ಇವತ್ತ ಕಟ್ಟ ಚೆಲ್ಲೀದಿ, ನಾಳೆ ಗ್ಯಾಸ್ ಹಂಗs ಬಿಟ್ಟಿ ಅಂದ್ರ?" ಎಂದ. ಕೆಲಸಕ್ಕೆ ಹೋಗುವಾಗ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ಮೇಲಿಡತೊಡಗಿದ. ಐವತ್ತು ಜನಕ್ಕೆ ಅಡುಗೆ ಮಾಡಿದ ಕೈ ಮಧ್ಯಾಹ್ನದ ಚಹಾಕ್ಕೂ ಸೊಸೆಯ ದಾರಿ ಕಾಯುವ ಹಾಗಾಯಿತು.

ಏಪ್ರಿಲ್ ಸಭೆಗೆ ಮರೆವಿನ ಬಗ್ಗೆ ಹೇಳಲು ಒಬ್ಬ ಡಾಕ್ಟರಮ್ಮ ಬಂದರು. ಎಲ್ಲರೂ ಸೇರಿ ವೈನಿಯನ್ನು ಮುಂದಕ್ಕೆ ನೂಕಿದರು. ಡಾಕ್ಟರು ಮೂರು ಶಬ್ದ ಹೇಳಿ, ಬೇರೆ ಮಾತಾಡಿ, ತಿರುಗಿ ಕೇಳಿದರು. ವೈನಿ ಮಾವಿನಹಣ್ಣು ಅಂದರು, ಗಡಿಯಾರ ಅಂದರು. ಮೂರನೆಯದು ಬರಲಿಲ್ಲ. ಸೆರಗಿನ ತುದಿ ಹಿಂಡುತ್ತ ನಿಂತರು. ನನಗೂ ಮೂರನೆಯದು ನೆನಪಿರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿತ್ತು. ಒಳಗೆ ವೈನಿ ಗೋಡೆಗೆ ಮುಖ ಮಾಡಿ ಸಣ್ಣ ದನಿಯಲ್ಲಿ ಹತ್ತೊಂಬತ್ತರ ಮಗ್ಗಿ ಹೇಳುತ್ತಿದ್ದರು. ಹತ್ತೊಂಬತ್ತೇಳಲೆಗೆ ನಿಂತರು. ಮತ್ತೆ ಮೊದಲಿನಿಂದ ಶುರು ಮಾಡಿದರು. ನನ್ನನ್ನು ನೋಡಿ ನಾಚಿಕೊಂಡರು. "ದಿನಾ ಅಂತೀನವ್ವಾ. ಇದು ಹೋತಂದ್ರ ಎಲ್ಲಾ ಹೋತು."

ಅಲ್ಲೇ ನೆಲದ ಮೇಲೆ ಕುಳಿತು ಹೇಳಿಬಿಟ್ಟೆ. "ವೈನಿ, ಅವತ್ತ ಕಟ್ಟ ಚೆಲ್ಲಿದ್ದು ನಾನ್ರಿ."

ಅವರು ನನ್ನ ಕೈ ಹಿಡಿದು ಸವರಿದರು. "ನನ್ನ ಸಮಾಧಾನಕ್ಕ ಅನ್ಲಿಕ್ಕತ್ತೀದಿ. ಎಂಥಾ ಮನಸ್ಸವ್ವಾ ನಿಂದು! ಬ್ಯಾಡ. ನನಗ ಈಗ ನೆನಪಾಗೇದ. ನಾನs ಚೆಲ್ಲೀನಿ. ಹಬಿ ಈ ಕೈಗೆ ಬಡದಿತ್ತು, ನೋಡ, ಇಲ್ಲೆ." ಬಲಗೈ ಮುಂದೆ ಚಾಚಿ ತೋರಿಸಿದರು. ಆ ಕೈಯಲ್ಲಿ ಏನೂ ಇರಲಿಲ್ಲ.

"ಇಲ್ರಿ ವೈನಿ, ಖರೇನs ನಾನು..."

"ಸಾಕು ಬಿಡು" ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ನಾನು ಒಳ್ಳೆಯವಳೆಂದು ಅತ್ತರು. ಅದಕ್ಕಿಂತ ದೊಡ್ಡ ನಾಚಿಕೆ ನನ್ನ ಜೀವನದಲ್ಲಿ ಮತ್ತೆ ಬಂದಿಲ್ಲ. ನಾನು ಸುರಿದ ಬಕೀಟಿನ ನೆನಪು ಅವರ ತಲೆಯೊಳಗೆ ಅವರದಾಗಿ ಕುಳಿತಿತ್ತು. ಅವರೊಬ್ಬರಿಗೇ ಹೇಳಿದರೆ ಅದು ಅಲ್ಲಿಂದ ಏಳುವಂತಿರಲಿಲ್ಲ, ಎಲ್ಲರ ಎದುರು ಹೇಳಬೇಕಿತ್ತು.

ಜೂನ್ ಒಂದು ಬಂತು. ನಾನು ಗೋಧಿ ಬೆಲ್ಲದ ಮಾದಲಿ ಮಾಡಿ ಒಯ್ದಿದ್ದೆ. ಹನ್ನೊಂದು ಮಂದಿ ಮಾಸ್ತರನ ಮಕ್ಕಳು ಸಾಲಾಗಿ ಕುಳಿತೆವು. ಆರತಿಯಾಯಿತು. ಪ್ರತಿಯೊಬ್ಬರೂ ಮೈಕಿನಲ್ಲಿ ಎರಡು ಮಾತು ಆಡಬೇಕು. ನಾನು ಪ್ರತಿ ವರ್ಷ ನಮಸ್ಕಾರ ಎಂದು ಕೂತುಬಿಡುತ್ತಿದ್ದವಳು. ಅವತ್ತು ನಮಸ್ಕಾರ ಎಂದು, ಕೂರಲಿಲ್ಲ. ಮರಾಠಿಯಲ್ಲಿ ಶುರು ಮಾಡಿದೆ, ನಡುವೆ ಶಬ್ದ ಸಿಗದೆ ಕನ್ನಡಕ್ಕೆ ಬಂದೆ. ಮಾರ್ಚ್‌ನಲ್ಲಿ ಮುಸುರೆ ಎಂದುಕೊಂಡು ಕಟ್ಟು ಚೆಲ್ಲಿದವಳು ನಾನು, ಅರ್ಧ ಚೆಲ್ಲಿದ ಮೇಲೆ ಗೊತ್ತಾಯಿತು, ಗೊತ್ತಾದ ಮೇಲೂ ಪೂರ್ತಿ ಚೆಲ್ಲಿದೆ, ವೈನಿ ಏನೂ ಮರೆತಿರಲಿಲ್ಲ ಎಂದೆ. ಕಾಕುಗೆ ಕನ್ನಡ ಸ್ವಲ್ಪ ತಿಳಿಯುತ್ತದೆ. ಅವರು ಪಕ್ಕದವರಿಗೆ ಪಿಸುಗುಟ್ಟಿದರು. ಅದು ಸಾಲಿನಿಂದ ಸಾಲಿಗೆ ಹೋಯಿತು.

ವೈನಿ ಎದ್ದು ನಿಂತರು. ಈ ಸಲ ಮುಖದಲ್ಲಿ ಸಮಾಧಾನ ಇರಲಿಲ್ಲ.

"ಬಕೀಟ ಎಲ್ಲಿತ್ತು?"

"ಮೋರಿ ಬಾಜೂಕ್ಕ, ಎಡಗಡೆ."

"ಮ್ಯಾಲೆ ಏನಿತ್ತು?"

"ಸೌಟ ಅಡ್ಡ ಇಟ್ಟಿದ್ರಿ. ನಾನs ತೊಳದ ಗೂಟಕ್ಕ ಹಾಕಿದೆ."

"ಸೌಟ ಅಡ್ಡ ಇಟ್ಟಿದ್ದೆ" ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ಜೋರಾಗಿ, "ಇಟ್ಟಿದ್ದೆ ನಾ!" ಎಂದರು. ನನ್ನ ಕಡೆ ತಿರುಗಿ, "ಮೂರ ತಿಂಗಳಾತು, ಮುಂಜಾನೆದ್ದ ನನ್ನ ಹೆಸರ ನಾನs ಕರ್ಕೊಂಡ ನೋಡ್ಲಿಕ್ಕತ್ತೀನಿ, ಅದಾದ್ರೂ ನೆನಪದನೋ ಇಲ್ಲೋ ಅಂತ. ನೀ ದಿನಾ ಬಂದ ನನ್ನ ಮಗ್ಗಲಕ್ಕ ಕೂತ ಚಹಾ ಕುಡದ ಹೋಗ್ತಿದ್ದಿ" ಎಂದರು. ಮಾದಲಿಯ ತಾಟನ್ನು ಕುರ್ಚಿಯ ಮೇಲೆ ಹಾಗೆಯೇ ಇಟ್ಟು ಹೊರಟುಹೋದರು. ಒಂದು ಚಮಚವನ್ನೂ ಮುಟ್ಟಿರಲಿಲ್ಲ.

ಅವತ್ತೇ ಅವರ ಮಗ ರೆಗ್ಯುಲೇಟರ್ ತಿರುಗಿ ಹಚ್ಚಿದನೆಂದು ಕಾಕು ಹೇಳಿದರು. ನನ್ನ ಜೊತೆ ವೈನಿ ನಾಗರ ಪಂಚಮಿಯವರೆಗೆ ಮಾತಾಡಲಿಲ್ಲ. ಪಂಚಮಿ ಕಳೆದ ಮರುದಿನ ಕಾಕುವಿನ ಕೈಯಲ್ಲಿ ಹೇಳಿ ಕಳಿಸಿದರು: ಶ್ರಾವಣದ ಸಭೆಗೆ ಹೋಳಿಗೆ ಮಾಡುವುದಿದೆ, ಅರೆಯಲು ಕೈ ಬೇಕು. ಓಡಿಹೋದೆ. ಬೇಳೆ ಬಸಿದು ಬಕೀಟು ಇಟ್ಟು, ವೈನಿ ಎಲ್ಲರಿಗೂ ಕೇಳುವಂತೆ ಕೂಗಿದರು: "ನೋಡವ್ವಾ, ಇದಕ್ಕ ಕಟ್ಟ ಅಂತಾರ. ಮುಸರಿ ಅಲ್ಲ. ಇಲ್ಲೆ ಎಮ್ಮಿ ಯಾವೂ ಇಲ್ಲ, ನಿನ್ನ ಹೊರತು." ಕಾಕು ನಕ್ಕು ನಕ್ಕು ಕೆಮ್ಮಿದರು. ನಾನು ಬಕೀಟನ್ನು ಮಡಿಲ ಹತ್ತಿರ ಎಳೆದುಕೊಂಡು ಕೂತೆ. ಇವತ್ತಿಗೂ ಪ್ರತಿ ಸಲ ಈ ಮಾತು ಹೇಳುತ್ತಾರೆ. ಪ್ರತಿ ಸಲ ನನ್ನ ಮುಖ ಬಿಸಿಯಾಗುತ್ತದೆ. ಒಂದು ಸಲ ಹೇಳುವುದನ್ನೇ ಮರೆತರೆ ಎಂದು ಹೆದರಿಕೆಯೂ ಆಗುತ್ತದೆ.

ಈಗ ವೈನಿ ಮೊದಲಿನ ಹಾಗೇ ಐವತ್ತು ಜನಕ್ಕೆ ಅಡುಗೆ ಮಾಡುತ್ತಾರೆ. ಆದರೆ ಗ್ಯಾಸ್ ಆರಿಸಿ ಬಾಗಿಲವರೆಗೆ ಹೋಗಿ ತಿರುಗಿ ಬರುತ್ತಾರೆ. ಗುಂಡಿ ಮುಟ್ಟಿ ನೋಡುತ್ತಾರೆ. ಗೂಟದಲ್ಲಿರುವ ಸೌಟನ್ನೊಮ್ಮೆ ನೋಡುತ್ತಾರೆ, ಆಮೇಲೆ ಹೋಗುತ್ತಾರೆ. ಮೊದಲು ಅವರಿಗೆ ಈ ಅಭ್ಯಾಸ ಇರಲಿಲ್ಲ, ನನ್ನಿಂದ ಹತ್ತಿದ್ದು. ಡಬ್ಬಿ ಕೊಡಲು ಹೋದಾಗಲೆಲ್ಲ ನಾನು ಅದನ್ನು ನೋಡಿ ಬರುತ್ತೇನೆ.