ಕಾಡಿಗಿಲ್ಲದ ನಿಯಮ

ಬಂಡೀಪುರದ ಸಫಾರಿಯಲ್ಲಿ ಅಂಥ ನಿಯಮವೇ ಇರಲಿಲ್ಲ. ಅದನ್ನು ಹುಟ್ಟಿಸಿದವಳು ನಾನು — ನನ್ನ ತಂಗಿ ಶೈಲಾಳಿಗೆ ಹೇಳುವುದಕ್ಕೆಂದೇ, ಗಂಡನ ಮನೆಯ ಅಡುಗೆಮನೆ ಬಾಗಿಲು ಹಾಕಿಕೊಂಡು, ಫೋನಿನಲ್ಲಿ.

ಶೈಲಾಳಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಮಾತ್ರೆ ತಪ್ಪಿಸದೆ ನುಂಗುತ್ತಿದ್ದಳು, ಫಿಟ್ಸ್ ಬಂದು ಎಷ್ಟೋ ಕಾಲವಾಗಿತ್ತು. ಆದರೂ ನನ್ನ ಮದುವೆಯ ಮಾತುಕತೆಯಲ್ಲಿ ನಮ್ಮವರು ಅದನ್ನು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಹೊನ್ನವಳ್ಳಿಯಿಂದ ತುರುವೇಕೆರೆಗೆ ಸೊಸೆಯಾಗಿ ಬಂದೆ.

ಮರುವರ್ಷ ಗಂಡನ ಮನೆಯವರೆಲ್ಲ ಹುಲಿ ನೋಡಲು ಹೋಗುವುದೆಂದಾಯಿತು. ಯಾರಿಗೂ ತಲೆಬುಡ ಗೊತ್ತಿಲ್ಲ. ಶೈಲಾಳನ್ನೂ ಜೊತೆಗೆ ಕರೆದಿದ್ದೆ. ಪ್ಲಾನೆಲ್ಲ ಅವಳದೇ, ಅವಳಿಗೆ ಹುಲಿಯ ಹುಚ್ಚು. ಹೊನ್ನವಳ್ಳಿಯ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಅಟ್ಟದ ಮೇಲೆ. ಕೊಬ್ಬರಿಯಾಗಲೆಂದು ಹರಡಿದ ಕಾಯಿಗಳ ನಡುವೆ ಕೂತು ಎಲ್ಲ ಹುಡುಕಿದಳು. ಬೆಳಗಿನ ಸಫಾರಿಯೇ ಒಳ್ಳೆಯದು, ಬೇಸಗೆಯಲ್ಲಿ ಹುಲಿ ನೀರಿಗೆ ಬರುತ್ತದೆ, ಕೆಂಪು ಸೀರೆ ಉಡಬೇಡ, ಮುಂಜಾನೆ ಗಾಳಿ ಹೊಡೆಯುತ್ತದೆ, ನಿಮ್ಮತ್ತೆಗೆ ಶಾಲು ಇಟ್ಟುಕೋ... ಅಪ್ಪ ರೇಗಿಸುತ್ತಿದ್ದರು: "ನಮ್ ತೋಟಕ್ಕೇ ಚಿರತೆ ಬಂದು ನಾಯಿ ಹೊತ್ಕೊಂಡ್ ಹೋಗ್ತೈತೆ. ಅಷ್ಟು ದೂರ ಯಾಕವ್ವಾ?"

"ಚಿರತೆ ಬೇರೆ, ಹುಲಿ ಬೇರೆ. ನಿಂಗೊತ್ತಾಗಲ್ಲ ಬುಡಪ್ಪ" ಎನ್ನುವಳು.

ಹೊರಡುವ ಹಿಂದಿನ ದಿನ ನನ್ನ ಅತ್ತೆ ಸಂತೆಯಲ್ಲಿ ಯಾರಿಗೋ ಫಿಟ್ಸ್ ಬಂದದ್ದನ್ನು ಹೇಳುತ್ತಾ, "ಅಂಥೋರ ಮನೆಯಿಂದ ಹೆಣ್ಣು ತರಬಾರ್ದು ಕಣೇ, ಹುಟ್ಟೋ ಮಕ್ಳಿಗೂ ಬತ್ತೈತೆ" ಎಂದರು. ನನಗಾಗ ಮುಟ್ಟು ನಿಂತಿತ್ತು. ಇನ್ನೂ ಯಾರಿಗೂ ಹೇಳಿರಲಿಲ್ಲ. ಜೀಪಿನಲ್ಲಿ, ಇವರೆಲ್ಲರ ಮುಂದೆ, ಶೈಲಾ ಏನಾದರೂ ಬಿದ್ದರೆ —

ಫೋನ್ ಮಾಡಿದೆ. "ಫಿಟ್ಸ್ ಇರೋರ್ನ ಕಾಡೊಳಕ್ಕೆ ಬಿಡಲ್ವಂತೆ ಕಣೇ. ಗವರ್ಮೆಂಟ್ ರೂಲ್ಸು. ನಾನೇ ವಿಚಾರಿಸ್ದೆ."

"ಬ್ಯಾಗ್ ತುಂಬಿಟ್ಟಿದ್ದೆ ಕಣಕ್ಕ" ಎಂದಳು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡು, "ಹೋಗ್ಲಿ ಬುಡು. ನೀರಿನ ಹತ್ರ ಗಾಡಿ ನಿಂತಾಗ ಮಾತ್ರ ಯಾರೂ ಮಾತಾಡ್ಬೇಡಿ" ಎಂದಳು.

ನಾವು ಮಾತಾಡಲಿಲ್ಲ. ಹುಲಿ ಬಂತು. ನಮ್ಮನ್ನು ಲೆಕ್ಕಕ್ಕೇ ಇಡದೆ ದಾರಿ ದಾಟಿ ಹೋಯಿತು. ಎಲ್ಲರೂ ಉಸಿರು ಬಿಗಿಹಿಡಿದಿದ್ದರು, ನಾನು ಅಳುತ್ತಿದ್ದೆ. ಹೆದರಿದ್ದೇನೆಂದುಕೊಂಡು ಅತ್ತೆ ನನ್ನ ಕೈ ಹಿಡಿದುಕೊಂಡರು. ಊರಿಗೆ ಬಂದು ಶೈಲಾಳಿಗೆ ಹುಲಿ ಕಾಣಲೇ ಇಲ್ಲ ಎಂದೆ. ಎಂಥ ಪಾಪಿ ನಾನು! ಅವಳೇ ತೋರಿಸಿಕೊಟ್ಟ ಹುಲಿಯ ಸುದ್ದಿಯನ್ನೂ ಅವಳಿಗೆ ಕೊಡಲಿಲ್ಲ.

ಒಂದು ಪ್ರವಾಸ ತಪ್ಪಿತು, ಅಷ್ಟೇ ತಾನೇ ಎಂದುಕೊಂಡಿದ್ದೆ. ಆದರೆ ಆ ವರ್ಷದಿಂದ ಅವಳು ಎಲ್ಲಿಗೂ ಹೋಗಲು ಕೇಳುವುದನ್ನೇ ಬಿಟ್ಟಳು. ತಿಪಟೂರಿನ ಒಂದು ಶಿಶುವಿಹಾರದಲ್ಲಿ ಟೀಚರ್ ಕೆಲಸಕ್ಕೆ ಕರೆದಾಗ, "ನಮ್ಮಂಥೋರ್ನ ಮಕ್ಳ ಹತ್ರ ಬಿಡಲ್ಲ" ಎಂದು ತಾನೇ ತೀರ್ಮಾನಿಸಿ ಸುಮ್ಮನಾದಳು. ಅಲ್ಲಿಯವರನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂದರೆ — ಯಾಕೆ ಕೇಳುತ್ತಾಳೆ? ಅಕ್ಕ ವಿಚಾರಿಸಿದ್ದಳಲ್ಲ. ನಾನು ಎಲ್ಲವನ್ನೂ ನೋಡುತ್ತಲೇ ಇದ್ದೆ. ಅತ್ತೆ ತೀರಿಕೊಂಡ ಮೇಲೆ ಹೆದರುವುದಕ್ಕೂ ಯಾರೂ ಇರಲಿಲ್ಲ, ಆದರೂ...

ಕಳೆದ ತಿಂಗಳು ಹೊನ್ನವಳ್ಳಿಗೆ ಹೋಗಿದ್ದೆವು. ಐದನೇ ಕ್ಲಾಸಿನ ನನ್ನ ಮಗಳು, "ಚಿಕ್ಕಮ್ಮ, ಈ ರಜಕ್ಕೆ ಬಂಡೀಪುರಕ್ಕೆ ಹೋಗ್ತೀವಿ, ನೀನೂ ಬಾ" ಎಂದಳು.

ಶೈಲಾ ನಕ್ಕಳು. "ನನ್ನ ಬಿಡಲ್ಲ ಕಣೇ, ರೂಲ್ಸ್ ಐತೆ. ನಿಮ್ಮಮ್ಮ ನನಗೋಸ್ಕರ ಆವಾಗ್ಲೇ ವಿಚಾರಿಸಿದ್ಲು."

ನನಗೋಸ್ಕರ ಎಂದಳು. ಅಭಿಮಾನದಿಂದಲೇ ಎಂದಳು. ಅಯ್ಯೋ, ಅದನ್ನು ಕೇಳಿಯೂ ಕೂತಿರಲು ನನ್ನಿಂದಾಗಲಿಲ್ಲ.

ಮಗಳನ್ನು ಆಚೆ ಕಳಿಸಿ ಹೇಳಿಬಿಟ್ಟೆ. ಅತ್ತೆಯ ಹೆಸರು ಎತ್ತಲಿಲ್ಲ, ಬಸುರಿಯಾಗಿದ್ದೆ ಎನ್ನಲಿಲ್ಲ. ಸುಳ್ಳು ಹೇಳಿದೆ ಎಂದಷ್ಟೇ ಹೇಳಿದೆ. ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ.

"ಹಂಗಾರೆ ಕಾಡಿಗೆ ಬಿಡ್ತಿದ್ರಾ?"

"ಬಿಡ್ತಿದ್ರು."

ಅವಳು ನೆಲ ನೋಡುತ್ತಾ ಹೇಳಿದಳು: "ಒಬ್ರು ಕೇಳಿದ್ರು ಕಣಕ್ಕ, ನನ್ನ ಮದುವೆ ಆಗ್ತೀನಿ ಅಂತ. ಕಾಯಿಲೆ ಇರೋದು ಅವ್ರಿಗೆ ಗೊತ್ತಿತ್ತು. ನಮ್ಮಂಥೋರಿಗೆ ಅದೆಲ್ಲ ಇಲ್ಲ ಅಂತ ನಾನೇ ಬ್ಯಾಡ ಅಂದೆ. ಮನೇಲಿ ಯಾರ್ಗೂ ಹೇಳ್ಲಿಲ್ಲ."

ಆಗ ಅತ್ತಳು. ಬೆನ್ನು ಸವರಲು ಕೈ ಚಾಚಿದೆ.

"ಮುಟ್ಬೇಡ ಕಣಕ್ಕ" ಎಂದಳು.